ಬಿಡುವಿನ ಮಾತು: ಎಲೆ ಉದುರುವ ಕಾಲ ಯಾವುದು?

ಈ ಸಂಚಿಕೆ ತಮ್ಮ ಕೈ ಸೇರುವ ಹೊತ್ತಿಗೆ ಕಾರ್ತಿಕ ಮಾಸ ನಡೆಯುತ್ತಿರುತ್ತದೆ. ದೀಪಾವಳಿಯ ಹಣತೆಗಳನ್ನು ತೊಳೆದು ಒಳಗಿಟ್ಟು, ಟ್ರಂಕಿನಿಂದ ಉಣ್ಣೆಯ ಬಟ್ಟೆಗಳನ್ನು ತೆಗೆದು ಬಿಸಿಲಿಗೆ ಹರವುವ ದಿನಗಳಿವು. ಹೀಗೆಂದರೆ ದೆಹಲಿಯ ವಾಚಕರು ಹೌದೆನ್ನುತ್ತಾರೆ. ಚೆನ್ನೈಯವರು ಇದೇ ವೇಳೆಗೆ ಕೊಡೆ ಹಿಡಿದು ಬಸ್ಸಿಗಾಗಿ ನಿಂತಿರುತ್ತಾರೆ. ಮುಂಬಯಿಯವರು ಚಳಿಗೂ ಸೇರದೆ ಮಳೆಗೂ ಸೇರದೆ ಫ್ಯಾನು ಹಾಕಿಕೊಂಡೇ ಕುಳಿತಿರುತ್ತಾರೆ. ಪಂಚಾಂಗ ಒಂದೇ, ತಿಂಗಳು ಒಂದೇ. ಆದರೆ ಋತು ಮಾತ್ರ ಊರಿಗೊಂದು ಬಗೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದು ಹೊಸ ವಿಷಯವೇನಲ್ಲ. ಆದರೂ ಈ ಸಲ ಅದನ್ನೇ ಕುರಿತು ನಾಲ್ಕು ಮಾತು ಹೇಳಬೇಕೆನಿಸಿದೆ. ವಿಷಯ: ಎಲೆಯ ಬಣ್ಣ.

ಹೋದ ತಿಂಗಳು ಅಮೆರಿಕದಲ್ಲಿರುವ ನಮ್ಮ ಮಕ್ಕಳು, ಸೋದರಳಿಯಂದಿರು, ಸೊಸೆಯಂದಿರು ಕಳುಹಿಸಿದ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದಿರುತ್ತವೆ. ಕೆಂಪು, ಕಿತ್ತಳೆ, ಹೊಂಬಣ್ಣದ ಮರಗಳು. ಅದರ ಕೆಳಗೆ ಸ್ವೆಟರು ತೊಟ್ಟ ಮೊಮ್ಮಗು. ನೋಡಿದ ಹಿರಿಯರು, “ಮರಕ್ಕೆ ಬೆಂಕಿ ಹತ್ತಿದ ಹಾಗಿದೆಯಲ್ಲೋ!” ಎಂದು ಬೆರಗಾಗುತ್ತಾರೆ. ಅದರ ಮರುಕ್ಷಣವೇ ಬರುವ ಪ್ರಶ್ನೆ, “ನಮ್ಮ ಕಡೆ ಯಾಕೆ ಹೀಗಾಗುವುದಿಲ್ಲ?” ಎಂಬುದು. ನಾನು ಸಸ್ಯಶಾಸ್ತ್ರ ಓದಿದವನಲ್ಲ, ಬಿ.ಎ.ಯಲ್ಲಿ ಇತಿಹಾಸ ಓದಿ ಕಡತಗಳ ನಡುವೆ ಬಾಳುತ್ತಿರುವ ಗುಮಾಸ್ತ. ಆದರೆ ಈ ಪ್ರಶ್ನೆಗೆ ಬಲ್ಲವರು ಬರೆದುದನ್ನು ಓದುತ್ತ ಹೋದಂತೆ, ಮರವೂ ಒಂದು ಬಗೆಯ ಕಚೇರಿಯೇ ಎಂದು ತೋರಿತು.

ಹಸಿರೆಲೆಯಲ್ಲಿ ಪತ್ರಹರಿತ್ತು ಇದೆಯೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಬಿಸಿಲಿನ ಬಲದಿಂದ ಗಾಳಿಯನ್ನೂ ನೀರನ್ನೂ ಸಕ್ಕರೆಯಾಗಿ ಮಾಡುವ ಅಡಿಗೆಯವನು ಅದೇ. ಇವನು ಬಹಳ ಖರ್ಚಿನ ಆಸಾಮಿ. ಬಿಸಿಲಿಗೆ ಸದಾ ಕೆಡುತ್ತಿರುತ್ತಾನೆ. ಮರ ಸದಾ ಹೊಸದಾಗಿ ಮಾಡಿಕೊಳ್ಳುತ್ತಿರಬೇಕು. ಚಳಿ ದೇಶಗಳಲ್ಲಿ ಹಗಲು ಕುಗ್ಗಿ ರಾತ್ರಿ ಬೆಳೆಯುತ್ತ ಬಂದಂತೆ, ಇನ್ನು ಈ ಖರ್ಚು ಗಿಟ್ಟುವುದಿಲ್ಲವೆಂದು ಮರಕ್ಕೆ ತಿಳಿಯುತ್ತದೆ. ಆಗ ಹಸಿರನ್ನು ಒಡೆದು, ಎಲೆಯಲ್ಲಿರುವ ಸಾರಜನಕವೇ ಮೊದಲಾದ ಬೆಲೆಯುಳ್ಳ ವಸ್ತುಗಳನ್ನು ರೆಂಬೆಗಳಿಗೆ ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಸಾರಜನಕದಲ್ಲಿ ಸುಮಾರು ಅರ್ಧಭಾಗವಾದರೂ ಹೀಗೆ ವಾಪಸು ಜಮಾ ಆಗುತ್ತದೆಯಂತೆ. ಮಾರ್ಚಿ ತಿಂಗಳ ಕೊನೆಯಲ್ಲಿ ಖರ್ಚಾಗದೆ ಉಳಿದ ಹಣವನ್ನು ಖಜಾನೆಗೆ ಹಿಂದಿರುಗಿಸುವ ನಮ್ಮ ಪದ್ಧತಿಯೂ ಇದೇ ತಾನೆ! ಲೆಕ್ಕ ಚುಕ್ತಾ ಆದಮೇಲೆ ತೊಟ್ಟಿನ ಬುಡದಲ್ಲಿ ಬೆಂಡಿನಂಥ ಒಂದು ಪದರ ಬೆಳೆದು ಬಾಗಿಲು ಮುಚ್ಚುತ್ತದೆ. ಆಮೇಲೆ ಒಂದು ಗಾಳಿ ಬೀಸಿದರೆ ಸಾಕು.

ಹಸಿರು ಹೋದಾಗ ಕಾಣುವ ಹಳದಿ ಹೊಸದಾಗಿ ಬಂದದ್ದಲ್ಲ. ಅದು ಮೊದಲಿನಿಂದಲೂ ಹಸಿರಿನ ಮರೆಯಲ್ಲಿ ಇದ್ದದ್ದೇ. ಕ್ಯಾರೆಟ್ಟಿಗೂ ಮಾವಿನ ಹಣ್ಣಿಗೂ ಬಣ್ಣ ಕೊಡುವ ಕುಲಕ್ಕೆ ಸೇರಿದ ವಸ್ತು ಅದು. ಕೆಂಪಿನ ಕಥೆ ಮಾತ್ರ ಬೇರೆ. ಕೆಂಪನ್ನು ಮರ ಆ ಕೊನೆಯ ದಿನಗಳಲ್ಲಿ, ಎಲೆಯಲ್ಲಿ ಉಳಿದ ಸಕ್ಕರೆಯನ್ನು ಬಳಸಿ ಹೊಸದಾಗಿ ತಯಾರಿಸುತ್ತದೆ. ಆಂಥೊಸಯನಿನ್ ಎಂದು ಅದರ ಹೆಸರು. ನೇರಳೆ ಹಣ್ಣು ತಿಂದಾಗ ನಮ್ಮ ನಾಲಿಗೆಗೆ ಹತ್ತುವ ಬಣ್ಣವೂ ಅದೇ. ಹಗಲು ನಿಚ್ಚಳ ಬಿಸಿಲಿದ್ದು ರಾತ್ರಿ ತಂಪಾಗಿದ್ದರೆ ಕೆಂಪು ಚೆನ್ನಾಗಿ ಏರುತ್ತದೆ. ಮೋಡ ಕವಿದ, ಬೆಚ್ಚನೆಯ ದಿನಗಳಾದರೆ ಬಣ್ಣ ಮಂಕು. ಹಿಮ ಬೇಗ ಬಿದ್ದರೆ ಎಲೆ ಕೆಂಪಾಗುವ ಮೊದಲೇ ಸತ್ತು ಕಂದಾಗುತ್ತದೆ. ಒಂದೇ ಊರಿನ ಒಂದೇ ಮರ ಒಂದು ವರ್ಷ ಉರಿದಂತೆ ಕಂಡು ಮರುವರ್ಷ ಸಪ್ಪೆಯಾಗುವುದು ಈ ಕಾರಣದಿಂದ.

ಉದುರಿಹೋಗುವ ಎಲೆಗೆ ಮರ ಇಷ್ಟು ಖರ್ಚು ಮಾಡಿ ಬಣ್ಣ ಹಚ್ಚುವುದೇಕೆ? ವಿದ್ವಾಂಸರಲ್ಲಿ ಈ ಬಗ್ಗೆ ಎರಡು ಪಕ್ಷಗಳಿವೆ. ಸಾರವನ್ನು ಹಿಂದಕ್ಕೆ ಸೆಳೆದುಕೊಳ್ಳುವಷ್ಟು ದಿನ ಎಲೆಗೆ ಬಿಸಿಲು ತಾಗದಂತೆ ಹಿಡಿದ ಕೊಡೆ ಈ ಕೆಂಪು ಎಂಬುದು ಒಂದು ಪಕ್ಷ. ಮೊಟ್ಟೆಯಿಡಲು ಬರುವ ಹೇನುಹುಳುಗಳಿಗೆ, “ಇಲ್ಲಿ ನಿಮ್ಮ ಆಟ ಸಾಗದು” ಎಂದು ಮರ ತೋರುವ ಎಚ್ಚರಿಕೆ ಅದು ಎಂಬುದು ಮತ್ತೊಂದು. ಈ ಎರಡನೆಯ ವಾದವನ್ನು ಹ್ಯಾಮಿಲ್ಟನ್ ಮತ್ತು ಬ್ರೌನ್ ಎಂಬ ವಿಜ್ಞಾನಿಗಳ ಹೆಸರಿನಲ್ಲಿ 2001ರಲ್ಲಿ ಮಂಡಿಸಲಾಯಿತು. ಕಡತ ಇನ್ನೂ ಮುಚ್ಚಿಲ್ಲ.

ಇನ್ನು ಸೀಮೆಯಿಂದ ಸೀಮೆಗೆ ಇರುವ ವ್ಯತ್ಯಾಸ ನೋಡಿ. ಅಮೆರಿಕದ ಈಶಾನ್ಯದ ರಾಜ್ಯಗಳಲ್ಲಿ ಮೇಪಲ್ ಮರಗಳ ಕೆಂಪು ಪ್ರಸಿದ್ಧ. ಸೆಪ್ಟೆಂಬರ್ ಕೊನೆಗೆ ಉತ್ತರದಲ್ಲಿ ಹೊತ್ತಿಕೊಂಡು ಅಕ್ಟೋಬರಿನಲ್ಲಿ ದಕ್ಷಿಣಕ್ಕೆ ಇಳಿಯುತ್ತದೆ. ಅದೇ ದೇಶದ ಕೊಲರಾಡೊ ಬೆಟ್ಟಗಳಲ್ಲಿ ಆಸ್ಪೆನ್ ಮರಗಳು ಅಪ್ಪಟ ಹಳದಿ. ಜಪಾನಿನಲ್ಲಿ ಬಣ್ಣ ಸೆಪ್ಟೆಂಬರಿನಲ್ಲಿ ಉತ್ತರದ ಹೊಕ್ಕೈಡೊ ದ್ವೀಪದ ಬೆಟ್ಟಗಳಲ್ಲಿ ತೊಡಗಿ, ಕ್ಯೋಟೊ ನಗರಕ್ಕೆ ಬರುವಾಗ ನವೆಂಬರ್ ಕೊನೆಯಾಗುತ್ತದೆ. ಅಲ್ಲಿಯ ಹವಾಮಾನ ಇಲಾಖೆ 1953ರಿಂದ ಮೇಪಲ್, ಗಿಂಕೊ ಮುಂತಾದ ಮರಗಳ ದಿನಚರಿಯನ್ನು ಬರೆದಿಡುತ್ತ ಬಂದಿದೆ. ಭೂಮಿ ಬಿಸಿಯೇರುತ್ತಿರುವುದರಿಂದ ಬಣ್ಣ ಬರುವ ದಿನ ತಡವಾಗುತ್ತಿದೆಯೆಂದು ಆ ದಿನಚರಿಯೇ ಸಾಕ್ಷಿ ಹೇಳುತ್ತದೆ. ಯೂರೋಪಿನಲ್ಲಾದರೋ ಹೆಚ್ಚಿನ ಸ್ಥಳೀಯ ಮರಗಳು ಹಳದಿಯಾಗುತ್ತವೆ, ಕೆಂಪು ಕಡಿಮೆ. ಇದಕ್ಕೆ 2009ರಲ್ಲಿ ಲೆವ್-ಯಾದುನ್ ಮತ್ತು ಹೊಲೊಪೈನೆನ್ ಎಂಬಿಬ್ಬರು ಒಂದು ಸ್ವಾರಸ್ಯವಾದ ಕಾರಣವನ್ನು ಸೂಚಿಸಿದರು. ಅಮೆರಿಕದಲ್ಲೂ ಪೂರ್ವ ಏಷ್ಯದಲ್ಲೂ ಪರ್ವತಗಳು ಉತ್ತರ-ದಕ್ಷಿಣವಾಗಿ ಹಬ್ಬಿವೆ. ಹಿಮಯುಗ ಬಂದಾಗ ಮರಗಳು ತಲೆಮಾರಿನಿಂದ ತಲೆಮಾರಿಗೆ ದಕ್ಷಿಣಕ್ಕೆ ಸರಿದು ಬದುಕಿದವು. ಅವುಗಳ ವೈರಿಗಳಾದ ಹುಳುಗಳೂ ಜೊತೆಗೇ ಬದುಕಿದವು. ಯೂರೋಪಿನಲ್ಲಿ ಆಲ್ಪ್ಸ್ ಪರ್ವತ ಪೂರ್ವ-ಪಶ್ಚಿಮವಾಗಿ ಅಡ್ಡ ನಿಂತದ್ದರಿಂದ ಎಷ್ಟೋ ಜಾತಿಯ ಮರಗಳು ತಮ್ಮನ್ನೇ ನಂಬಿದ ಹುಳುಗಳ ಸಮೇತ ಅಳಿದವು. ಉಳಿದವಕ್ಕೆ ಕೆಂಪಿನ ಬೆದರಿಕೆಯ ಅಗತ್ಯ ಇರಲಿಲ್ಲ. ಇದು ಒಂದು ಊಹೆ ಮಾತ್ರ, ನಿಜ. ಆದರೆ ದಾರಿ ಸಿಕ್ಕಿದವರು ವಲಸೆ ಹೋಗಿ ಬದುಕಿದರು, ಸಿಗದವರು ಅಳಿದರು ಎಂಬ ಮಾತು ನಮ್ಮ ಪತ್ರಿಕೆಯ ವಾಚಕರಿಗೆ ಬೇಗ ಅರ್ಥವಾಗುತ್ತದೆಂದು ನಂಬುತ್ತೇನೆ.

ನಮ್ಮ ದೇಶದಲ್ಲಿ ಈ ಬಣ್ಣದ ಹಬ್ಬ ನೋಡಬೇಕಾದರೆ ಕಾಶ್ಮೀರಕ್ಕೆ ಹೋಗಬೇಕು. ನಮ್ಮ ಕಚೇರಿಯಲ್ಲಿ ಎಲ್.ಟಿ.ಸಿ. ಪಡೆದು ಶ್ರೀನಗರಕ್ಕೆ ಹೋಗಿಬರುವವರು ಪ್ರತಿ ವರ್ಷವೂ ಇರುತ್ತಾರೆ. ಅವರಲ್ಲೊಬ್ಬರು ದಸರಾ ರಜೆಯಲ್ಲಿ ಹೋಗಿ ಬಂದು, “ಚಿನಾರ್ ಚಿನಾರ್ ಅಂತೀರಲ್ರೀ, ಎಲ್ಲ ಹಸಿರೇ! ಕ್ಯಾಲೆಂಡರಿನ ಚಿತ್ರವೆಲ್ಲ ಸುಳ್ಳು” ಎಂದು ತೀರ್ಪು ಕೊಟ್ಟರು. ಕ್ಯಾಲೆಂಡರು ಸುಳ್ಳಲ್ಲ. ಅಲ್ಲಿ ‘ಹರುದ್’ ಎಂದು ಕರೆಯುವ ಋತುವಿನಲ್ಲಿ ಚಿನಾರ್ ಎಲೆ ಮೊದಲು ಹಳದಿಯಾಗಿ, ಆಮೇಲೆ ಜೇನಿನ ಬಣ್ಣಕ್ಕೆ ತಿರುಗಿ, ಕೊನೆಗೆ ಕೆಂಪಾಗುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ಆದುದರಿಂದ ರಜೆಯ ಅರ್ಜಿ ಹಾಕುವವರು ದಸರಾ ಬಿಟ್ಟು ದೀಪಾವಳಿಯ ಆಚೀಚೆ ಹಾಕುವುದು ಲೇಸು. ದಾಲ್ ಸರೋವರದ ದಂಡೆಯ ನಸೀಂ ಬಾಗಿನಲ್ಲಿ ಮೊಗಲರ ಕಾಲದಲ್ಲಿ ಬೆಳೆಸಿದ ಚಿನಾರ್ ತೋಪಿದೆ. ಪಾಂಪೋರಿನಲ್ಲಿ ಕೇಸರಿಯ ಹೂ ಬಿಡಿಸುವುದೂ ಇದೇ ದಿನಗಳಲ್ಲಿ. ಉದುರಿದ ಚಿನಾರ್ ಎಲೆಗಳನ್ನು ಅಲ್ಲಿಯ ಹೆಂಗಸರು ಗುಡಿಸಿ, ಸುಟ್ಟು ಇದ್ದಿಲು ಮಾಡಿ, ಚಳಿಗಾಲದಲ್ಲಿ ನಿಲುವಂಗಿಯೊಳಗೆ ಹಿಡಿದುಕೊಳ್ಳುವ ಕಾಂಗಡಿ ಎಂಬ ಅಗ್ಗಿಷ್ಟಿಕೆಗೆ ತುಂಬುತ್ತಾರೆ. ಬೇಸಗೆಯಲ್ಲಿ ನೆರಳು ಕೊಟ್ಟ ಎಲೆ ಚಳಿಯಲ್ಲಿ ಬಿಸಿ ಕೊಡುತ್ತದೆ. ಇಂಥ ಮರವನ್ನು ಸ್ವಂತ ಹಿತ್ತಲಲ್ಲಿದ್ದರೂ ಅನುಮತಿಯಿಲ್ಲದೆ ಕಡಿಯದಂತೆ 1969ರ ಕಾಯಿದೆ ತಡೆಯೊಡ್ಡಿದ್ದರಲ್ಲಿ ಆಶ್ಚರ್ಯವೇನು?

ಕಾಶ್ಮೀರದಿಂದ ದೆಹಲಿಗೆ ಇಳಿಯೋಣ. ಇಲ್ಲಿ ಕಾರ್ತಿಕದಲ್ಲಿ ಎಲೆ ಉದುರುವುದಿಲ್ಲ. ಜನಪಥದ ಎರಡೂ ಬದಿಗೆ ಸಾಲಾಗಿ ನಿಂತ ಅರ್ಜುನ ಮರ ಬೇರೆ ಯಾವುದೂ ಅಲ್ಲ, ನಮ್ಮ ನದೀದಂಡೆಗಳ ಹೊಳೆಮತ್ತಿ. ಕರ್ತವ್ಯಪಥದ ಸಾಲು ನಮ್ಮ ನೇರಳೆ, ಅಕ್ಬರ್ ರಸ್ತೆಯದು ನಮ್ಮ ಹುಣಿಸೆ. ಇವಾವುವೂ ಹಿಮಕ್ಕೆ ಹೆದರಿ ಬೆಳೆದ ಮರಗಳಲ್ಲ. ಇವಕ್ಕೂ, ನಮ್ಮ ಕ್ವಾರ್ಟರ್ಸುಗಳ ಅಂಗಳದ ಬೇವು, ಅರಳಿ, ಬಸರಿ ಮರಗಳಿಗೂ ಇರುವ ಹೆದರಿಕೆ ಬೇರೆ: ಮುಂದೆ ಬರುವ ಒಣಹವೆ. ಎಲೆ ಇದ್ದಷ್ಟು ನೀರು ಆವಿಯಾಗಿ ಹೋಗುತ್ತದೆ. ಆದುದರಿಂದ ಹಳೆಯ ಎಲೆಯನ್ನು ಕಳಚುವುದು ಮೇಲು. ಹಿಪ್ಪುನೇರಳೆ ಡಿಸೆಂಬರ್-ಜನವರಿಯಲ್ಲಿ ಬೋಳಾಗುತ್ತದೆಂಬುದು ಬಿಟ್ಟರೆ, ದೆಹಲಿಯ ಹೆಚ್ಚಿನ ಮರಗಳು ಎಲೆ ಬಿಡುವುದು ಫೆಬ್ರವರಿಯಿಂದ ಏಪ್ರಿಲಿನವರೆಗೆ. ಹೋಳಿಯ ಆಚೀಚೆ ಬೇವಿನ ಎಲೆ ಹಳದಿಯಾಗಿ ಮಳೆಯಂತೆ ಸುರಿಯುತ್ತದೆ. ಸುರಿದ ಬೆನ್ನಿಗೇ ತಾಮ್ರದ ಬಣ್ಣದ ಚಿಗುರು ಮೂಡುತ್ತದೆ. ಯುಗಾದಿಯ ದಿನ ಬೇವಿನ ಹೂ ಹುಡುಕಿ ಸೋತು, ಎಳೆಯ ಚಿಗುರಿನಲ್ಲೇ ಬೇವು-ಬೆಲ್ಲ ಮುಗಿಸಿದ ದೆಹಲಿಯ ಗೃಹಿಣಿಯರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ನಮ್ಮ ಪಕ್ಕದ ಮನೆಯಲ್ಲಿ ಈ ಎಲೆಯಿಂದಲೇ ಒಂದು ಸಣ್ಣ ರಂಪವಾಯಿತು. ಆ ಮನೆಯ ಹುಡುಗಿ ನಾಲ್ಕನೆಯ ತರಗತಿ. ಪರೀಕ್ಷೆಯಲ್ಲಿ, “ಮರಗಳು ಎಲೆ ಉದುರಿಸುವ ಕಾಲ ಯಾವುದು?” ಎಂಬ ಪ್ರಶ್ನೆ ಬಂದಿತ್ತು. ಪುಸ್ತಕದಲ್ಲಿದ್ದ ಉತ್ತರ: ಆಟಮ್, ಸೆಪ್ಟೆಂಬರಿನಿಂದ ನವೆಂಬರ್. ಹುಡುಗಿ ಬರೆದದ್ದು: “ಹೋಳಿಯ ಹೊತ್ತಿಗೆ.” ಕೆಂಪು ಶಾಯಿಯ ಅಡ್ಡಗೆರೆ ಬಿತ್ತು. ಒಂದು ಅಂಕ ಹೋಯಿತು.

ಒಂದು ಅಂಕದಿಂದ ಯಾರ ಬಾಳೂ ಕೆಡುವುದಿಲ್ಲ ಎಂದು ತಂದೆ ಸಮಾಧಾನ ಹೇಳಿದರು. ಆದರೆ ಶಿವಮೊಗ್ಗ ಕಡೆಯಿಂದ ಬಂದಿದ್ದ ಅಜ್ಜಿ ಬಿಡಲಿಲ್ಲ. “ಅವಳು ಬರೆದದ್ದರಲ್ಲಿ ತಪ್ಪೇನೋ? ಮಾಘ, ಫಾಲ್ಗುಣ ಅಂದರೆ ಶಿಶಿರ. ಎಲೆ ಉದುರೋದು ಶಿಶಿರದಲ್ಲಿ. ಬೇಕಾದರೆ ಪಂಚಾಂಗ ತೆಗೆದು ನೋಡು.”

“ಅಮ್ಮಾ, ಇಲ್ಲಿ ಪಂಚಾಂಗಕ್ಕೆ ಮಾರ್ಕ್ಸು ಕೊಡೋದಿಲ್ಲ. ಮುಂದಿನ ಸಲ ಪುಸ್ತಕದಲ್ಲಿ ಇದ್ದ ಹಾಗೆ ಬರಿ ಅಂತ ಹೇಳಿಬಿಡು, ಮುಗೀತು.”

ಹುಡುಗಿ ಇಬ್ಬರ ಮುಖವನ್ನೂ ನೋಡಿ, ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: “ಮಾಮ, ಹಾಗಾದರೆ ನಾನು ಕಣ್ಣಾರೆ ನೋಡಿದ್ದು ಸುಳ್ಳಾ?”

ವಾಚಕರೇ, ಆ ಪ್ರಶ್ನೆ ಒಂದು ಅಂಕದ ಪ್ರಶ್ನೆಯಲ್ಲ. ಪ್ರತಿದಿನ ಬಸ್ಸಿಗೆ ಕಾಯುತ್ತ ನಿಲ್ಲುವ ಮರದ ಕೆಳಗೆ ತಾನು ಕಂಡದ್ದನ್ನು ಮಗು ನಂಬಬೇಕೋ, ಇನ್ನಾವುದೋ ದೇಶದ ಮರ ನೋಡಿ ಬರೆದ ವಾಕ್ಯವನ್ನು ನಂಬಬೇಕೋ? ಕಂಡದ್ದನ್ನು ಅಲ್ಲಗಳೆಯುವುದನ್ನು ಒಮ್ಮೆ ಕಲಿತ ಮಗು ಆಮೇಲೆ ನೋಡುವುದನ್ನೇ ಬಿಟ್ಟುಬಿಡುತ್ತದೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಯಾವುದು ತಮ್ಮದು ಎಂಬ ಗೊಂದಲ ಮೊದಲೇ ಸಾಕಷ್ಟಿದೆ. ಕಣ್ಣಾದರೂ ಅವರದಾಗಿರಲಿ.

ಈ ಗೊಂದಲದ ಬೇರು ಅನುವಾದದಲ್ಲಿದೆ. ಇಂಗ್ಲಿಷಿನ ಆಟಮಿಗೆ ನಾವು ಶರತ್ಕಾಲ ಎನ್ನುತ್ತೇವೆ; ತಿಂಗಳಿನ ಲೆಕ್ಕಕ್ಕೆ ಅದು ಸುಮಾರಾಗಿ ಸರಿ. ಆದರೆ ನಮ್ಮ ಶರತ್ತು ಮಳೆ ಕಳೆದು ಆಕಾಶ ತಿಳಿಯಾಗಿ, ಕೆರೆ ತುಂಬಿ, ಪೈರು ತೆನೆ ಹೊರುವ ಕಾಲ. ಎಲೆ ಉದುರಿಸುವುದು ಶಿಶಿರದ ಕೆಲಸ. ಹಿಂದಿಯ ‘ಪತ್‌ಝಡ್’ ಎಂಬ ಮಾತಿಗೂ ಇದೇ ಗತಿಯಾಗಿದೆ: ಮಾತಿನ ಅರ್ಥ ಎಲೆ ಉದುರುವುದು ಎಂದು; ಪುಸ್ತಕಗಳಲ್ಲಿ ಅದನ್ನು ಆಟಮಿಗೆ ಅಂಟಿಸುತ್ತಾರೆ; ದೆಹಲಿಯ ಮರ ಮಾತ್ರ ತನ್ನ ಪಾಡಿಗೆ ಫಾಲ್ಗುಣಕ್ಕಾಗಿ ಕಾಯುತ್ತದೆ.

ಹಾಗೆಂದು ಅಜ್ಜಿಯ ಪಂಚಾಂಗವೇ ಎಲ್ಲ ಊರಿಗೂ ಶಾಸನ ಎನ್ನಲಾಗದು. ಶಿಶಿರ ಬರುವ ಮೊದಲೇ ಚಿನಾರ್ ಬೋಳಾಗಿರುತ್ತದೆ. ಬಂಡೀಪುರ, ನಾಗರಹೊಳೆಗಳ ತೇಗ, ಮತ್ತಿ, ನಂದಿ ಮರಗಳು ಪಂಚಾಂಗಕ್ಕೆ ಸುಮಾರಾಗಿ ಹೊಂದಿಕೊಂಡು ಬೇಸಗೆಗೆ ಮುಂಚೆ ಎಲೆ ಕಳಚುತ್ತವೆ. ಕಾಡ್ಗಿಚ್ಚಿನ ಭಯ ಶುರುವಾಗುವುದೂ ಆಗಲೇ. ಅದೇ ಕರ್ನಾಟಕದ ಆಗುಂಬೆಯ ನಿತ್ಯಹಸಿರಿನ ಕಾಡಿಗೆ ಹೋದರೆ ಬೋಳಾಗುವ ಋತುವೇ ಇಲ್ಲ. ಅಲ್ಲಿ ಬಣ್ಣ ಇದೆ, ಆದರೆ ತಿರುವುಮುರುವಾಗಿ. ಬೇಸಗೆಯ ಹೊಸ್ತಿಲಲ್ಲಿ ನಾಗಸಂಪಿಗೆ, ದಾಲ್ಚಿನ್ನಿ, ಮಾವು ಮುಂತಾದವು ಕೆಂಪು, ಗುಲಾಬಿ, ತಾಮ್ರದ ಬಣ್ಣದ ಚಿಗುರು ಹೊದ್ದು ನಿಲ್ಲುತ್ತವೆ. ಈ ಕೆಂಪೂ ಅದೇ ಆಂಥೊಸಯನಿನ್. ಎಳೆಯ ಎಲೆ ಮೆತ್ತಗಿರುವಾಗ ಹುಳುಗಳ ಕಾಟ ಹೆಚ್ಚು. ಆಗಲೇ ಹಸಿರಿನ ಬಂಡವಾಳ ಹೂಡಿದರೆ ನಷ್ಟ. ಎಲೆ ಗಟ್ಟಿಯಾದ ಮೇಲೆ ಹಸಿರು ತುಂಬಿದರೆ ಸಾಕೆಂಬುದು ಮರದ ಧೋರಣೆ ಇರಬಹುದೆಂದು ಬಲ್ಲವರು ಹೇಳುತ್ತಾರೆ. ಅಮೆರಿಕದ ಮೇಪಲ್ ಹೋಗುವ ಎಲೆಗೆ ಹಚ್ಚುವ ಬಣ್ಣವನ್ನು ಮಲೆನಾಡಿನ ಮರ ಬರುವ ಎಲೆಗೆ ಹಚ್ಚುತ್ತದೆ!

ನಮ್ಮ ಭಾಷೆ ಇದನ್ನು ಎಂದೋ ಗಮನಿಸಿದೆ. ಕೆಂಪಾದ ತಳಿರಿಗೆ ಕನ್ನಡದಲ್ಲಿ ‘ಕೆಂದಳಿರು’ ಎಂದೇ ಒಂದು ಪದವಿದೆ. ಹಳದಿಯಾದ ಎಲೆಗೆ ‘ಹಣ್ಣೆಲೆ’ ಎಂದು ಹೆಸರು. ಸಾಯುವ ಎಲೆ ಎನ್ನಲಿಲ್ಲ, ಹಣ್ಣಾದ ಎಲೆ ಎಂದರು. ನೆಲಕ್ಕೆ ಬಿದ್ದು ಒಣಗಿದರೆ ‘ತರಗೆಲೆ’. ಮಲೆನಾಡಿನ ಅಡಿಕೆ ತೋಟದವರು ಅದನ್ನೇ ದರಕು ಎಂದು ಗುಡಿಸಿ ಬುಟ್ಟಿ ತುಂಬಿ ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುತ್ತಾರೆ. ಅದಕ್ಕಾಗಿಯೇ ಸೊಪ್ಪಿನ ಬೆಟ್ಟಗಳನ್ನು ಕಾಯ್ದುಕೊಂಡು ಬಂದಿದ್ದಾರೆ. ಅಂಥ ಕಡೆಯಿಂದ ಬಂದ ಅಜ್ಜಿ ದೆಹಲಿಯ ಬೀದಿಯಲ್ಲಿ ರಾಶಿ ಎಲೆಗೆ ಬೆಂಕಿಯಿಟ್ಟುದನ್ನು ಕಂಡು, “ಗೊಬ್ಬರ ಸುಡ್ತಾರಲ್ಲೋ!” ಎಂದು ಮರುಗಿದ್ದು ಸಹಜ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ದೆಹಲಿಯಲ್ಲಿ ಎಲೆ, ಕಸಗಳನ್ನು ಬಯಲಲ್ಲಿ ಸುಡಕೂಡದೆಂದು ಆಜ್ಞೆ ಮಾಡಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಹೊಗೆಯನ್ನು ಕಂಡು ನ್ಯಾಯಮಂಡಳಿ ಹೇಳಿದ ಮಾತನ್ನು ಗೊಬ್ಬರವನ್ನು ನೆನೆದು ಅಜ್ಜಿ ಹೇಳಿದರು, ಎರಡೂ ಒಂದೇ. ಅಂಗಳ ಇದ್ದವರು ಮೂಲೆಯಲ್ಲೊಂದು ಗುಂಡಿ ತೋಡಿ ಬಿದ್ದ ಎಲೆಯನ್ನು ಅದಕ್ಕೆ ತುಂಬಿ, ಆಗಾಗ ನೀರು ಚಿಮುಕಿಸಿದರೆ ಮುಂದಿನ ವರ್ಷದ ತುಳಸಿಗೂ ಮಲ್ಲಿಗೆಗೂ ಗೊಬ್ಬರ ಸಿದ್ಧ.

ಹುಡುಗಿಯ ವಿಷಯ ಏನಾಯಿತೆಂದು ಕೇಳುವಿರಿ. ಅವಳ ತಾಯಿ ಜಗಳವಾಡದೆ, ಉಪಾಧ್ಯಾಯಿನಿಗೆ ವಿನಯದಿಂದ ನಾಲ್ಕು ಸಾಲು ಬರೆದು ಕಳುಹಿಸಿದರು. ಅಂಕವೇನೋ ಮರಳಿ ಬರಲಿಲ್ಲ. ಆದರೆ ಫೆಬ್ರವರಿಯಲ್ಲಿ ಆ ಉಪಾಧ್ಯಾಯಿನಿಯೇ ತರಗತಿಯ ಮಕ್ಕಳನ್ನು ಶಾಲೆಯ ಬಯಲಿಗೆ ಕರೆದೊಯ್ದು, ಪ್ರತಿಯೊಬ್ಬರಿಂದಲೂ ಒಂದೊಂದು ಮರಕ್ಕೆ ವಾರವಾರವೂ ಎಷ್ಟು ಎಲೆ ಉಳಿದಿದೆ ಎಂದು ಬರೆಸಿದರಂತೆ. ಆ ಹುಡುಗಿಗೆ ಸಿಕ್ಕಿದ್ದು ಒಂದು ಬಸರಿ ಮರ. ಅದು ಬೋಳಾಗಿ ಮತ್ತೆ ಕೆಂದಳಿರು ಹೊತ್ತದ್ದನ್ನು ದಿನಾಂಕ ಸಮೇತ ನನಗೆ ತಂದು ತೋರಿಸಿದಳು. ಅಂಕಕ್ಕಿಂತ ಇದು ದೊಡ್ಡ ಗಳಿಕೆ ಎಂದು ನನ್ನ ಭಾವನೆ.

ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡುವವರೂ ಇದ್ದಾರೆ. ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ದೇಶದ ಎಷ್ಟೋ ಶಾಲೆಗಳ ಮಕ್ಕಳು ತಮ್ಮ ಮರದ ಚಿಗುರು, ಹೂ, ಕಾಯಿಗಳನ್ನು ನೋಡಿ ಬರೆದು ಕಳುಹಿಸುತ್ತಾರೆ. ನಮ್ಮ ಸಂಘದ ಕುಟುಂಬಗಳು ದೆಹಲಿ, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಹರಡಿಕೊಂಡಿವೆ. ಎಲ್ಲರ ಮನೆಯ ಮುಂದೂ ಯಾವುದಾದರೊಂದು ಮರ ಇದ್ದೇ ಇರುತ್ತದೆ. ಮುಂಬಯಿ, ಚೆನ್ನೈಗಳವರು ಬೀದಿಯ ಕಾಡುಬಾದಾಮಿಯನ್ನು ಗಮನಿಸಬಹುದು. ಉದುರುವ ಮೊದಲು ಮೇಪಲಿನಂತೆ ಕೆಂಪಾಗುವ ಮರ ನಮ್ಮಲ್ಲಿ ಅದೇ. ಪುಣೆ, ಹೈದರಾಬಾದಿನವರು ತೇಗವನ್ನೋ ಮುತ್ತುಗವನ್ನೋ ನೋಡಲಿ. ದೆಹಲಿಯವರಿಗೆ ಬೇವು ಇದೆ. ಮಕ್ಕಳ ಕೈಗೆ ಹಳೆಯ ಡೈರಿಯೊಂದನ್ನು ಕೊಟ್ಟು, ಮೊದಲ ಹಣ್ಣೆಲೆ ಕಂಡ ದಿನ, ಮರ ಬೋಳಾದ ದಿನ, ಮೊದಲ ಚಿಗುರು ಕಂಡ ದಿನ, ಈ ಮೂರನ್ನು ಬರೆಸಿ. ಊರಿನ ಹೆಸರು, ಮರದ ಹೆಸರು ಕನ್ನಡದಲ್ಲಿರಲಿ. ಮರದ ಹೆಸರು ಗೊತ್ತಿಲ್ಲದಿದ್ದರೆ ಊರಿನಲ್ಲಿರುವ ಅಜ್ಜ-ಅಜ್ಜಿಯರಿಗೆ ಫೋನು ಮಾಡಿ ಕೇಳಲಿ, ಆ ನೆಪದಲ್ಲಾದರೂ ಹತ್ತು ನಿಮಿಷ ಕನ್ನಡ ಮಾತಾಡಿದಂತಾಗುತ್ತದೆ. ಬರೆದುದನ್ನು ಯುಗಾದಿಯ ಒಳಗೆ ಸಂಘದ ವಿಳಾಸಕ್ಕೆ ಕಳುಹಿಸಿದರೆ, ಐದೂ ನಗರಗಳ ಮರಗಳ ಪಟ್ಟಿಯನ್ನು ಮುಂದಿನ ಒಂದು ಸಂಚಿಕೆಯಲ್ಲಿ ಒಟ್ಟಿಗೆ ಕೊಡಲು ಸಂಪಾದಕರು ಒಪ್ಪಿದ್ದಾರೆ. ಬರಹ ದುಂಡಗಿರಬೇಕೆಂಬ ನಿರ್ಬಂಧವಿಲ್ಲ. ದಿನಾಂಕ ಮಾತ್ರ ಸರಿಯಾಗಿರಲಿ.